ನಾಯಿಯ ಕಲ್ಲಿನ ಪಕ್ಕದ ಜಾಗ

ಲಕ್ಷ್ಮಿ ಚಂಚಲೆಯೆಂದು ಬದುಕಿಡೀ ಸಂಸ್ಕೃತ ಪಾಠದಲ್ಲಿ ಹೇಳಿಕೊಟ್ಟವನು ನಾನು. ಆಕೆ ಹೊಸ್ತಿಲು ದಾಟಿ ಹೊರಹೋಗದ ಮನೆಯೂ ಇದೆಯೆಂದು ನನಗೆ ತಿಳಿದದ್ದು ಇತ್ತೀಚೆಗೆ, ಚೆಟ್ಟಳ್ಳಿಯ ಬಳಿಯ ಒಂದು ಎಸ್ಟೇಟಿನಲ್ಲಿ.

ಆ ತೋಟದ ಕಾಡು ಕಡಿಸಿ ಕಾಫಿ ಇಟ್ಟ ಬಿಳಿಯ ದೊರೆಯ ವಂಶಜರೊಬ್ಬರು ಇಂಗ್ಲೆಂಡಿನಿಂದ ಬಂದಿದ್ದರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಲು, ಹಾಗೆಯೇ ಸಮಾಧಿಯ ಮುಂದೆ ಶಾಂತಿಮಂತ್ರ ಹೇಳಲು, ಈಗಿನ ಮಾಲೀಕರು ನನ್ನನ್ನು ಕರೆಸಿದರು. ಸಮಾಧಿ ದೊರೆಯದಲ್ಲ, ದೊರೆಯ ನಾಯಿಯದು. ತೋಟ ಮಾರುವಾಗ ಬೇಲಿಯೊಳಗಿನ ಆ ತುಂಡು ನೆಲವನ್ನು ಮಾತ್ರ ದೊರೆಯ ಮನೆಯವರು ತಮಗೇ ಉಳಿಸಿಕೊಂಡಿದ್ದರು.

"ನಮ್ಮಲ್ಲಿ ಆಸ್ತಿ ಪಾಲಾಗುವುದಿಲ್ಲ," ಎಂದರು ಅತಿಥಿ. "ಎಲ್ಲವೂ ಹಿರಿಯ ಮಗನಿಗೆ. ಕಿರಿಯರು ಇಂಥ ಕಡೆ ಬಂದು ಗಳಿಸಿದ್ದೂ ಉಯಿಲಿನಲ್ಲೋ ಮದುವೆಯಲ್ಲೋ ಅದೇ ಮನೆಗೆ ಸೇರುತ್ತಿತ್ತು. ಎಷ್ಟೋ ರಾಜರು ಬಂದುಹೋದರು, ಮನೆಯ ಬೀಗದ ಕೈ ನಮ್ಮಲ್ಲೇ ಇದೆ." ಮಾತಿನಲ್ಲಿ ಜಂಬವಿರಲಿಲ್ಲ. ಮಳೆ ಬಿಸಿಲಿನ ವಿಚಾರ ಹೇಳಿದಂತಿತ್ತು.

ಅಷ್ಟರಲ್ಲಿ ತೋಟದ ಕೂಲಿಯವರ ಲೈನ್‌ಮನೆಯ ಮುದುಕಿಯೊಬ್ಬಳು ಬಂದು ನಿಂತಳು. ಅಂದು ಬೆಳಗ್ಗೆ ಅವಳ ಗಂಡ ತೀರಿಕೊಂಡಿದ್ದ. ಅಜ್ಜನ ಕಾಲದಿಂದ ಈ ಸಮಾಧಿಯ ಕಲ್ಲಿನ ಸುತ್ತ ಕಳೆ ಕಿತ್ತ ಮನೆ ಅವನದು.

"ಸಾಮಿ, ನಾಯಿ ಪಕ್ಕ ಆಳುದ್ದ ಜಾಗ ಕೊಡ್ಸಿ. ಮೂರನೇ ದಿನ ಹಾಲು ಬಿಡೋಕೆ ದೂರ ಹೋಗೋಕಾಗಲ್ಲ ನನ್ ಕೈಲಿ."

"ಬೇಲಿ ಒಳಗಿಂದು ನಂದಲ್ಲಮ್ಮ," ಎಂದರು ಮಾಲೀಕರು. "ಅವರನ್ನೇ ಕೇಳಿ ನೋಡಿ, ಭಟ್ರೇ."

ಕೇಳಿದೆ. ಅತಿಥಿ ಟೋಪಿ ತೆಗೆದು, ಮುದುಕಿಗೆ ತಲೆಬಾಗಿ, ಮೆಲ್ಲಗೆ ಹೇಳಿದರು: "ತುಂಬಾ ದುಃಖದ ವಿಷಯ. ಆದರೆ ಕೇಳಿದವರಿಗೆಲ್ಲ ನೆಲ ಕೊಟ್ಟಿದ್ದರೆ ನಮ್ಮ ಮನೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ."

ಅದನ್ನು ನಾನು ಕನ್ನಡದಲ್ಲಿ ಹೇಳುವ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ನಕ್ಕಿದ್ದ. "ಮುಂದಿನ ಜನ್ಮದಲ್ಲಿ ನಾಯಿಯಾಗಿ ಹುಟ್ಲಿ ಬಿಡಜ್ಜಿ, ಜಾಗ ಸಿಕ್ತದೆ."

ನಾನು ಮಂತ್ರ ಹೇಳಿದೆ, ಸರ್ವರಿಗೂ ಸುಖವಾಗಲೆಂದು. ಮುದುಕಿಯೂ ಕೈಮುಗಿದಳು. ಹೆಣ ಶುಂಠಿ ಸಾಗಿಸುವ ಪಿಕಪ್‌ನಲ್ಲಿ ಕುಶಾಲನಗರದ ಹೊಳೆದಂಡೆಯ ಸ್ಮಶಾನಕ್ಕೆ ಹೋಯಿತು.

ಮೂರನೆಯ ದಿನ ಅವಳು ಅಷ್ಟು ದೂರ ಹೋಗಲಾರದೆ, ಲೋಟದಲ್ಲಿ ಹಾಲು ತಂದು ಗಂಡ ಕಳೆ ಕಿತ್ತ ಆ ಕಲ್ಲಿನ ಮೇಲೆಯೇ ಬಿಟ್ಟಳಂತೆ. ದೊರೆಯವರ ಕಲ್ಲಿಗೆ ಇರುವೆ ಮುತ್ತುತ್ತವೆಂದು ರೈಟರ್ ನೀರು ತರಿಸಿ, ಅವಳ ಕೈಯಿಂದಲೇ ತೊಳೆಸಿದನಂತೆ.