ನಡುಗಡ್ಡೆಯ ಜನರಿಗೆ ಕಾಲರಾ ಸೂಜಿ

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ನಾನು ಪುಣೆ ಜಿಲ್ಲೆಯಲ್ಲಿ ಸಾಂಕ್ರಾಮಿಕ ರೋಗಗಳ ಡ್ಯೂಟಿಯ ಮೇಲಿದ್ದ ಸರಕಾರಿ ಡಾಕ್ಟರ್. ಮಳೆಗಾಲ ಬಂತೆಂದರೆ ಕಾಲರಾ. ಕಾಲರಾ ಬಂತೆಂದರೆ ನಮಗೆ ಮನೆಯೂ ಇಲ್ಲ, ನಿದ್ದೆಯೂ ಇಲ್ಲ. ಆ ವರ್ಷ ಲೋಣಾವಳಾದ ಆಚೆ, ಜಲಾಶಯದ ದಂಡೆಯ ಪೇಟೆಯೊಂದರಲ್ಲಿ ರೋಗ ಕಾಣಿಸಿತು. ಅಲ್ಲಿಗೆ ಮೀನು ತರುವವರು ಜಲಾಶಯದ ನಡುಗಡ್ಡೆಯ ಜನ. ಅಣೆಕಟ್ಟಿನ ನೀರಿಗೆ ಅವರ ಹೊಲಗಳು ಮುಳುಗಿ, ಗುಡ್ಡದ ನೆತ್ತಿಯಷ್ಟೇ ಉಳಿದಿತ್ತು. ಊರು ಬಿಡಲೊಲ್ಲದ ಕೆಲವು ಮನೆಯವರು ಮೀನುಗಾರರಾಗಿದ್ದರು. ನಸುಕಿನಲ್ಲಿ ಗಂಡಸರು ಬಲೆ ಎಳೆಯುವರು, ಹೆಂಗಸರು ಬುಟ್ಟಿ ಹೊತ್ತು ಪೇಟೆಗೆ ಹೋಗಿ ಮಾರುವರು, ಸಂಜೆ ಎಲ್ಲರೂ ಕೂತು ಹರಿದ ಬಲೆ ಹೆಣೆಯುವರು.

ನಾನು ಕಾಲರಾ ವ್ಯಾಕ್ಸಿನ್ ತೆಗೆದುಕೊಂಡು ದೋಣಿಯಲ್ಲಿ ಹೋದೆ. ಆಗಿನ ವ್ಯಾಕ್ಸಿನ್ ಚುಚ್ಚಿದರೆ ತೋಳು ಬಾತು ಜ್ವರ ಬರುತ್ತಿತ್ತು. ಆ ಸುದ್ದಿ ನನಗಿಂತ ಮೊದಲೇ ನಡುಗಡ್ಡೆ ಮುಟ್ಟಿತ್ತು. ಅಲ್ಲಿ ಎಲ್ಲರ ಪರವಾಗಿ ಮಾತಾಡುತ್ತಿದ್ದವಳು ತುಳಸಾಬಾಯಿ, ನಡುವಯಸ್ಸಿನ ಗಟ್ಟಿ ಹೆಂಗಸು. ಮಾತು ನಡೆದದ್ದು ಮರಾಠಿಯಲ್ಲಿ. ನನ್ನ ನೆನಪಿನಲ್ಲಿ ಅದು ನಮ್ಮ ಧಾರವಾಡದ ಕನ್ನಡವಾಗಿ ಉಳಿದಿದೆ.

"ಸಾಹೇಬ್ರ, ತೋಳು ಬಾತರ ಬಲೆ ಯಾರು ಎಳೀಬೇಕು? ಬಲೆ ಎಳೀದಿದ್ರ ಮನ್ಯಾಗ ಒಲಿ ಹತ್ತೂದಿಲ್ಲ."

"ಪೇಟ್ಯಾಗ ಮಂದಿ ಸಾಯಾಕತ್ತಾರ, ತುಳಸಾಬಾಯಿ."

ಅವಳು ಗಂಡ ಧೋಂಡಿಬಾನತ್ತ ನೋಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಕೊನೆಗೆ ಒಂದು ಒಪ್ಪಂದವಾಯಿತು. ದಿನಾ ಪೇಟೆಗೆ ಹೋಗುವ ಹೆಂಗಸರಿಗೆ ಮೊದಲು ಚುಚ್ಚುವುದು, ಅವರು ಚೇತರಿಸಿಕೊಂಡ ಮೇಲೆ ಗಂಡಸರ ಸರದಿ. ತುಳಸಾಬಾಯಿ ಎಲ್ಲರಿಗಿಂತ ಮೊದಲು ತೋಳು ಒಡ್ಡಿದಳು. ಹೆಂಗಸರು ಜ್ವರದಲ್ಲಿ ಮಲಗಿದಾಗ ಗಂಡಸರೇ ಬುಟ್ಟಿ ಹೊತ್ತು ಪೇಟೆಗೆ ಹೋದರಂತೆ. ಕೂಗಿ ಮಾರುವ ರೂಢಿಯಿಲ್ಲದೆ ಅರ್ಧ ಮೀನು ಹಾಗೇ ವಾಪಸ್ ತಂದರು ಎಂದು ಆಮೇಲೆ ಕೇಳಿ ನಾನೂ ನಕ್ಕಿದ್ದೆ.

ಗಂಡಸರ ಸರದಿಗೆಂದು ಮತ್ತೆ ಹೋದ ದಿನ ದಂಡೆಯ ಮೇಲೆ ಯಾರೂ ಇರಲಿಲ್ಲ. ಬುಟ್ಟಿ ಹೊತ್ತು ಪೇಟೆಗೆ ಹೋಗಿ ಬಂದಿದ್ದ ಧೋಂಡಿಬಾ ಹಿಂದಿನ ದಿನದಿಂದ ವಾಂತಿಭೇದಿ ಮಾಡಿಕೊಂಡು ಮಲಗಿದ್ದ. ಕಣ್ಣು ಗುಳಿಬಿದ್ದಿದ್ದವು, ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ. ಮೈಯ ನೀರೆಲ್ಲ ಹೋದಾಗ ರಕ್ತನಾಳದ ಮೂಲಕ ಉಪ್ಪುನೀರು, ಅಂದರೆ ಸಲಾಯಿನ್ ಕೊಡುವುದೇ ಇದಕ್ಕಿದ್ದ ಉಪಾಯ. ಕೊಟ್ಟೆ. ಸ್ವಲ್ಪ ಹೊತ್ತು ನಾಡಿ ಮರಳಿತು. ಅವನು ಹೆಂಡತಿಯನ್ನು ಗುರುತಿಸಿ, ಮಳೆ ನಿಂತಿತೇ ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡ.

ದಹನ ಮುಗಿಸಿ, ಮಿಂದು, ಗಂಡಸರು ಒದ್ದೆ ಬಟ್ಟೆಯಲ್ಲೇ ಬಂದು ಅಂಗಳದಲ್ಲಿ ಕೂತರು. ಸೂಜಿ ಇನ್ನೊಂದು ದಿನ ಹಾಕಿದರಾಯಿತು ಎಂದುಕೊಂಡೆ. ನಾನೂ ದಣಿದಿದ್ದೆ, ಪೆಟ್ಟಿಗೆ ಕಟ್ಟಿ ಹೊರಟೆ. ತುಳಸಾಬಾಯಿ ಬಾಗಿಲಿಗೆ ಬಂದಳು. ಅಳು ನಿಂತಿತ್ತು, ದನಿ ಒಡೆದಿತ್ತು.

"ಎಲ್ಲಿ ಹೊಂಟ್ರಿ? ಸೂತಕ ಅದ, ನಾಳಿಗೂ ಯಾರೂ ಬಲೆ ಹಾಕೂದಿಲ್ಲ. ಎಲ್ಲಾರಿಗೂ ಇವತ್ತ ಚುಚ್ಚಿಬಿಡ್ರಿ."

ಆಮೇಲೆ ಗಂಡಸರ ಕಡೆ ತಿರುಗಿ, "ಕೈ ಚಾಚ್ರಿ," ಎಂದಳು. ಒಬ್ಬೊಬ್ಬರಾಗಿ ಚಾಚಿದರು. ಆ ಮಳೆಗಾಲದಲ್ಲಿ ನಡುಗಡ್ಡೆಯ ಮೇಲೆ ಮತ್ತಾರೂ ಸಾಯಲಿಲ್ಲ.

ನಿವೃತ್ತನಾಗುವವರೆಗೂ ಯಾವ ಊರಿಗೆ ಸೂಜಿ ಒಯ್ದರೂ ನಾನು ಮೊದಲು ರೋಗದ ವಿಷಯ ಎತ್ತಲಿಲ್ಲ. ಇಲ್ಲಿ ಜನ ಕೆಲಸಕ್ಕೆ ಹೋಗದ ದಿನ ಯಾವುದು ಎಂದು ಕೇಳುತ್ತಿದ್ದೆ. ಎಷ್ಟೋ ಊರುಗಳಲ್ಲಿ ಅಂಥ ದಿನವೇ ಇರಲಿಲ್ಲ.