ಟಿವಿಯಲ್ಲಿ ಹುಲಿಗೆಮ್ಮನ ದನಿ

"ಯವ್ವಾ, ನಾನು ದೇವದುರ್ಗದಾಗ ಹತ್ತನೇ ತನಕ ಓದಿದೆ. ಇಂಗ್ಲಿಷ್ ಪೀರಿಯಡ್‌ನಾಗ ಒಂದು ದಿನಾನೂ ಬಾಯಿ ತೆರೀಲಿಲ್ಲ. ತಪ್ಪಾದ್ರ ಎಲ್ಲರೂ ನಗ್ತಾರಂತ ಅಂಜಿಕಿ. ಈಗ ಕ್ಲಾಸಿನಾಗ ದೊಡ್ಡ ಟಿವಿ ಅದ. ಅದರಾಗಿನ ಹುಡುಗಿ ಪಟಪಟ ಇಂಗ್ಲಿಷ್ ಮಾತಾಡ್ತಾಳ, ನಮ್ಮ ಮಕ್ಕಳು ಸುಮ್ಮನ ನೋಡ್ಕೊಂತ ಕುಂದರ್ತಾವ. ಟಿವಿ ಮಾತಾಡಿದ್ರ ಏನು ಬಂತು? ನಮ್ಮ ಹುಲಿಗೆಮ್ಮ ಮಾತಾಡಬೇಕು. ಆಡಿಸೇ ಬಿಡ್ತೀನಿ."

ಕುರ್ಡಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ನನ್ನ ಮುಂದೆ ನಾಗವೇಣಿ ಟೀಚರ್ ಹೀಗೆ ಹೇಳಿದರು. ದಿನಾ ಮಾನ್ವಿಯಿಂದ ಬಸ್ಸಿಗೆ ಬರುವವರು. ಐದನೇ ತರಗತಿಯ ಹುಲಿಗೆಮ್ಮ ಪಾಠದಲ್ಲಿ ಕಲ್ಲಿನಂತೆ ಕೂಡುತ್ತಿದ್ದಳು. ನನ್ನ ಅಡುಗೆಕೋಣೆಯ ಬಾಗಿಲಿಗೆ ಬಂದರೆ ಮಾತೇ ಮಾತು.

ಅಂದು ಊಟದ ಹೊತ್ತಿಗೆ ಟೀಚರ್ ಮೊಬೈಲ್ ಹಿಡಿದು ಅಲ್ಲಿಗೇ ಬಂದರು. ಏನು ಮಾಡ್ತಿದ್ದೀ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಲಿಗೆಮ್ಮ ಅಂಜದೆ, "ಐ ಆ್ಯಮ್ ಈಟಿಂಗ್ ರೈಸ್" ಅಂದಳು. ಮೊಬೈಲು ಅವಳ ದನಿಯನ್ನು ಹಿಡಿದುಕೊಂಡಿತು. "ಎಲ್ಲರಿಗೂ ಕೇಳಸ್ಲೇನು?" ಎಂದು ಟೀಚರ್ ಕೇಳಿದರೆ ಹೂಂ ಅಂದಳು.

ಮರುದಿನ ಮುಂಜಾನೆ ಅದನ್ನು ಟಿವಿಗೆ ಹಚ್ಚಿದಾಗ ಅವಳ ಮಾತಿನ ಬೆನ್ನಿಗೇ ನನ್ನ ಗದರಿಕೆಯೂ ಬಂತು: "ಏ ಹುಲಿಗೆಮ್ಮಾ, ಮೊದಲು ಕೈ ತೊಳಕೋ ಬೇ!"

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಹುಡುಗಿ ಇನ್ನೆಂದೂ ಬಾಯಿ ಬಿಡುವುದಿಲ್ಲ ಎಂದು ಬಾಗಿಲಲ್ಲಿ ನಿಂತಿದ್ದ ನಾನು ಅಂದುಕೊಂಡೆ. ಆದರೆ ಹುಲಿಗೆಮ್ಮ ತಾನೂ ನಗುತ್ತ ಎದ್ದು ನಿಂತಳು.

"ಟೀಚರ್, ಕೈ ತೊಳಕೊಂಡೀನಿ ಅಂತ ಇಂಗ್ಲಿಷ್‌ನಾಗ ಹೆಂಗನ್ನಬೇಕ್ರಿ?"

ಟೀಚರ್ ಹೇಳಿಕೊಟ್ಟರು. ಅವಳು ಎಲ್ಲರೆದುರು ಎರಡು ಸಲ ಗಟ್ಟಿಯಾಗಿ ಅಂದಳು. ನಾನು ಅಡುಗೆಕೋಣೆಗೆ ಹೋಗಿ ಸಾರಿಗೆ ಬೇಳೆ ತೊಳೆಯತೊಡಗಿದೆ.