ಚೀಲ ಹೊತ್ತು ನಿಂತ ಅಪ್ಪ

ಅವ್ವ ತೀರಿಕೊಂಡ ಮೇಲೆ ನಾನು ಮಾನ್ವಿಯ ಗಂಡನ ಮನೆಯಿಂದ ರಾಯಚೂರಿಗೆ ಬಂದು ಅಪ್ಪನ ಜೊತೆ ಉಳಿದೆ. ನಿಜಾಮನ ಆಳ್ವಿಕೆ ಮುಗಿಯಲು ಇನ್ನೂ ಎರಡು ಮೂರು ವರ್ಷವಿದ್ದ ಕಾಲ ಅದು. ದೇವದುರ್ಗದ ಕಡೆಯಿಂದ ಹರೆಯದಲ್ಲೇ ಬಂದಿದ್ದ ಅಪ್ಪ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ನಾನೂ ಅಲ್ಲೇ ಹತ್ತಿಯೊಳಗಿನ ಕಸ ಆರಿಸುವ ಹೆಂಗಸರ ಜೊತೆ ಸೇರಿಕೊಂಡೆ. ನಾವಿಬ್ಬರೂ ಅತ್ತಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವನು ಉಣ್ಣುತ್ತಿದ್ದ. ಪಲ್ಯಕ್ಕೆ ಉಪ್ಪು ಮರೆತ ದಿನವೂ ಹಾಗೇ ಉಂಡು ಎದ್ದೆವು.

ಆ ವರ್ಷ ಹತ್ತಿ ಬರುವ ಮುಂಚೆ, ವಯಸ್ಸಾದ ಹಮಾಲರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ನೋಡಲು ಮಾಲೀಕ ಒಬ್ಬರು ಡಾಕ್ಟರನ್ನು ಕರೆಸಿದ. ತಲೆ ಬೆಳ್ಳಗಾದವರೆಲ್ಲ ಅಂಗಳದಲ್ಲಿ ನಿಂತರು. ನಾವು ಹೆಂಗಸರು ಬಾಗಿಲಿಗೆ ಬಂದು ನೋಡಿದೆವು.

ಡಾಕ್ಟರರು ತಮ್ಮ ಎರಡು ಬೆರಳು ಚಾಚಿ, "ಹಿಂಡು, ಇದ್ದಷ್ಟೂ ತಾಕತ್ತು ಹಾಕಿ ಹಿಂಡು" ಅನ್ನುತ್ತಿದ್ದರು. ಆಮೇಲೆ ಕೈ ಊರದೆ ನೆಲದಿಂದ ಏಳಬೇಕು. ಒಬ್ಬ ಮುದುಕ ಏಳಲಾರದೆ ತಾನೇ ನಕ್ಕುಬಿಟ್ಟ. ಎಲ್ಲರೂ ನಕ್ಕರು. ಅವನು ಆಮೇಲೆ ಪಕ್ಕಕ್ಕೆ ಹೋಗಿ ಕೂತು, ರುಮಾಲು ಬಿಚ್ಚಿ ಮತ್ತೆ ಮತ್ತೆ ಸುತ್ತಿಕೊಂಡ.

ಕೊನೆಗೆ ಹತ್ತಿಕಾಳಿನ ಚೀಲ ಹೊತ್ತು ನಿಲ್ಲಬೇಕಿತ್ತು. "ಎತ್ತೋದು ತಾಕತ್ತು, ಹೊತ್ತು ನಿಲ್ಲೋದು ದಮ್ಮು. ನನಗ ಎರಡೂ ನೋಡಬೇಕು," ಎಂದರು ಡಾಕ್ಟರರು.

ಅಪ್ಪ ಬೆರಳು ಹಿಂಡಿದ, ನೆಲದಿಂದ ಎದ್ದ, ಚೀಲ ಹೊತ್ತು ನಿಂತ. ಉಳಿದವರ ಮೊಣಕಾಲು ಸ್ವಲ್ಪ ಹೊತ್ತಿಗೇ ನಡುಗಿದ್ದವು. ಅಪ್ಪನವೂ ನಡುಗಿದವು, ಆದರೆ ಅವನು ಕದಲಲಿಲ್ಲ.

"ಸಾಕು, ಇಳಸಪ್ಪ," ಎಂದರು ಡಾಕ್ಟರರು.

ಅಪ್ಪ ಹಾಗೇ ನಿಂತಿದ್ದ.

"ಕೇಳ್ತದೇನಪ್ಪ? ಇಳಸು!"

ಬೆವರು ಮೂಗಿನ ತುದಿಯಿಂದ ಹನಿಯುತ್ತಿತ್ತು. ಕಣ್ಣು ಎದುರಿನ ಗೋಡೆಯ ಮೇಲಿತ್ತು. ಹಮಾಲರ ಮೇಲಿನ ಜಮಾದಾರ ಗದರಿಸಿದ, ಯಾರೋ ಸೀಟಿ ಹೊಡೆದರು. ನಾನು ಹೋಗಿ ಅವನ ಮೊಣಕೈ ಮುಟ್ಟಿದೆ.

"ಯಪ್ಪಾ, ಇಳಸು."

"ಇಳಸಲೇನು?" ಎಂದು ನನ್ನನ್ನೇ ಕೇಳಿದ. ಇಬ್ಬರು ಹಮಾಲರು ಬಂದು ಬೆನ್ನಿನಿಂದ ಚೀಲ ತೆಗೆದರು.

ಡಾಕ್ಟರರು ಅವನ ಬೆನ್ನು ತಟ್ಟಿ, "ಗಟ್ಟಿ ಆಳು," ಎಂದರು. ಅಪ್ಪನನ್ನು ಇಟ್ಟುಕೊಂಡರು. ನಕ್ಕ ಆ ಮುದುಕನನ್ನು ಬಿಟ್ಟರು.

ಸಂಜೆ ಮನೆಯಲ್ಲಿ ಕೇಳಿದೆ, "ಭಾರ ಆಗ್ಲಿಲ್ಲೇನು?"

"ಗೊತ್ತಾಗ್ಲಿಲ್ಲ. ಅವರು ಕರೆದದ್ದೂ ಕೇಳ್ಲಿಲ್ಲ," ಎಂದು ಕೈ ತೊಳೆದ. ಅಂಗೈ ತುಂಬ ಬೊಕ್ಕೆ ಎದ್ದಿದ್ದವು. ಎಣ್ಣೆ ಹಚ್ಚಿದೆ. ಉರಿಯಿತೆಂಬ ಸುಳಿವೂ ಇಲ್ಲದೆ, ಬೇರೆಯವರ ಕೈಗೆ ಹಚ್ಚಿದಂತೆ ಕೂತಿದ್ದ.

ಹತ್ತಿಯ ಗಾಡಿಗಳು ಬರತೊಡಗಿ ಕೆಲಸ ಭರದಿಂದ ಸಾಗಿದ್ದಾಗ, ಒಂದು ಮಧ್ಯಾಹ್ನ ಅಪ್ಪ ಚೀಲ ಅರ್ಧ ದಾರಿಯಲ್ಲೇ ಇಳಿಸಿ ನಾನಿದ್ದಲ್ಲಿಗೆ ಬಂದ.

"ವಜ್ಜಿ ಆಗಾಕತ್ತದ ಯವ್ವಾ, ಈಗ ಭಾರ ಗೊತ್ತಾಗಾಕತ್ತದ," ಎಂದವನೇ ಹತ್ತಿಯ ರಾಶಿಯ ಪಕ್ಕ ಕುಸಿದು ಕೂತು ಅತ್ತ. ದೊಡ್ಡ ದನಿ ತೆಗೆದು ಅತ್ತ. ಹೆಂಗಸರು ಕೈ ನಿಲ್ಲಿಸಿದರು. ನಾನು ತಂಬಿಗೆಯಲ್ಲಿ ನೀರು ತಂದುಕೊಟ್ಟೆ. ನನಗೆ ಅಳು ಬರಲಿಲ್ಲ.

ಆ ವಾರವೇ ಅವನು ಕೆಲಸ ಬಿಟ್ಟ. ನನ್ನ ಗಂಡ ಗಾಡಿ ಕಟ್ಟಿಕೊಂಡು ಬಂದು ಇಬ್ಬರನ್ನೂ ಮಾನ್ವಿಗೆ ಕರೆದೊಯ್ದ. ಅಲ್ಲಿ ಅಪ್ಪ ಎಮ್ಮೆ ಕಾಯುತ್ತ, ನೆರೆಯವರೊಡನೆ ಜಗಳವಾಡುತ್ತ, ಅವ್ವನ ಹೆಸರು ಹಿಡಿದು ಮಾತಾಡುತ್ತ ಬಹಳ ವರ್ಷ ಬದುಕಿದ. ನನಗೆ ಅಳು ಬಂದದ್ದು ಮರುವರ್ಷ, ಸಂತೆಯಲ್ಲಿ ಕುಂಬಾರಗಿತ್ತಿ ಗಡಿಗೆಯೊಂದನ್ನು, ಅವ್ವ ಕೊಳ್ಳುವಾಗ ಬಡಿದು ನೋಡುತ್ತಿದ್ದ ಹಾಗೇ, ಬೆರಳಿಂದ ಬಡಿದು ತೋರಿಸುತ್ತಿದ್ದಾಗ. ಅವಳು ಗಾಬರಿಯಾಗಿ ಗಡಿಗೆ ಕೆಳಗಿಟ್ಟಳು.